ಒರೆಸಿ ಹಾಕಿದ ದೃಷ್ಟಿಬೊಟ್ಟು

ಏಳನೆಯ ಕಂತು

"ಕಣ್ಣು ಬಿಟ್ಟು ನೋಡು ಹುಲುಗೇಶಿ. ಒಂದು ನಂದು, ಒಂದು ಕಳ್ಳಂದು. ಯಾವುದು ಯಾರ್ದು ಅಂತ ಹೇಳಿಬಿಡು, ನಿನ್ನ ಕಾಲಿಗೆ ಬೀಳ್ತೀನಿ."

ಉಚ್ಚಂಗೆಮ್ಮ ಎರಡು ಊದಿನಕಡ್ಡಿ ಪ್ಯಾಕೆಟ್ಟುಗಳನ್ನು ಕೀಬೋರ್ಡಿನ ಮೇಲೆಯೇ ಕುಕ್ಕಿದಳು. ಪರದೆಯ ಮೇಲೆ ತೆರೆದಿದ್ದ ಮೆಣಸಿನಪುಡಿಯ ಲೇಬಲ್ಲಿನಲ್ಲಿ ಅರ್ಥವಿಲ್ಲದ ಅಕ್ಷರಗಳು ಸಾಲುಗಟ್ಟಿ ಮೂಡಿದವು. ಹುಲುಗೇಶ್‌ಗೆ ಅವನ್ನು ಅಳಿಸುವ ಧೈರ್ಯವಾಗಲಿಲ್ಲ.

ಹಡಗಲಿಯ ಉಚ್ಚಂಗೆಮ್ಮನ 'ಮುಂಜಾವು ಮಲ್ಲಿಗೆ' ಊದಿನಕಡ್ಡಿಗೆ ಕಳ್ಳ ಅವಳಿಯೊಂದು ಕೊಟ್ಟೂರಿನ ಅಂಗಡಿಗಳಲ್ಲಿ ಕಾಣಿಸಿಕೊಂಡು ಅವತ್ತಿಗೆ ಹನ್ನೊಂದು ದಿನ. ನಿನ್ನೆಯಿಂದ ಹರಪನಹಳ್ಳಿಯಲ್ಲೂ ಸಿಗತೊಡಗಿತ್ತು. ಎರಡೂ ಪ್ಯಾಕೆಟ್ಟಿನ ಮೇಲೆ ಅದೇ ಹೆಂಗಸು, ಅದೇ ಹೊಸ್ತಿಲು, ಕೈಯಲ್ಲಿ ಅದೇ ಅರ್ಧ ಕಟ್ಟಿದ ಮಲ್ಲಿಗೆ ದಂಡೆ.

"ಮುಂಜಾವು ಅಂತ ನಾನು ಇಟ್ರ, ಮುಂಜಾನೆ ಅಂತ ಅಂವ ಇಟ್ಟಾನ. ಜನ ಚಿತ್ರ ನೋಡಿ ತಗೋತಾರ, ಅಕ್ಷರ ಯಾರು ಓದ್ತಾರ?" ಉಚ್ಚಂಗೆಮ್ಮ ಕುರ್ಚಿ ಎಳೆದುಕೊಂಡು ಕೂತಳು. "ಈ ಚಿತ್ರ ಇದ್ದದ್ದು ಮೂರೇ ಕಡಿ. ಪೇಂಟರ್ ದಾವಲ್ ಸಾಬನ ಕಾಗದದ ಮ್ಯಾಲ, ನಿನ್ನ ಕಂಪ್ಯೂಟರಿನಾಗ, ನನ್ನ ಪ್ಯಾಕೆಟ್ಟಿನ ಮ್ಯಾಲ. ನನ್ನ ಮಾಲು ನಾನ ಕದಿಯಂಗಿಲ್ಲ. ಉಳದಾವರು ಇಬ್ಬರು."

"ಅಕ್ಕಾರ, ನನ್ನ ಮ್ಯಾಲೂ ಅನುಮಾನನೇನ್ರಿ?"

"ಮತ್ತ್ಯಾರಿಗರ ತೋರಿಸಿದ್ದೇನು ಇದನ್ನ? ನೆನಪು ಮಾಡ್ಕೋ."

"ಇಲ್ರಿ. ಯಾರಿಗೂ ಇಲ್ಲ."

ಅಷ್ಟು ಬೇಗ ಇಲ್ಲ ಅನ್ನಬಾರದಿತ್ತು. ಆದರೆ ಹುಲುಗೇಶ್ ಆ ಕ್ಷಣ ಅದನ್ನು ನಂಬಿಯೇ ಹೇಳಿದ್ದ.

"ಹಂಗಾರ ಕೇಳು. ಸಂಜಿ ಐದಕ್ಕ ನಾನು ಸ್ಟೇಷನ್ನಿಗೆ ಹೋಗ್ತೀನಿ. ಅಷ್ಟರಾಗ ನೀ ಒಂದು ಹೆಸರು ಹೇಳಿದ್ರ ಆ ಹೆಸರು ಬರಸ್ತೀನಿ. ಹೇಳಲಿಲ್ಲಂದ್ರ ನಿನ್ನ ಹೆಸರ ಬರಸ್ತೀನಿ. ಆಮ್ಯಾಲ ಈ ಹಗರಿಬೊಮ್ಮನಹಳ್ಳಿಯಾಗ ನಿನ್ನ ಅಂಗಡಿಗೆ ಲೇಬಲ್ಲು ಮಾಡ್ಸಾಕ ಯಾರು ಬರ್ತಾರೋ ನೋಡೋಣ."

ಸಾಕ್ಷಿಗಿರಲಿ ಎಂದು ಕಳ್ಳ ಪ್ಯಾಕೆಟ್ಟುಗಳ ಚೀಲವನ್ನೇ ಮೇಜಿನ ಮೇಲೆ ಬಿಟ್ಟು ಎದ್ದಳು. ಬಾಗಿಲಲ್ಲಿ ನಿಂತು ಕೀಬೋರ್ಡಿನ ಮೇಲಿದ್ದ ಪ್ಯಾಕೆಟ್ಟನ್ನು ಇನ್ನೊಮ್ಮೆ ನೋಡಿದಳು. ಸಿಟ್ಟಿನಲ್ಲಿದ್ದ ಮುಖ ಅದೇಕೋ ಮೆತ್ತಗಾಯಿತು.

"ಕದ್ದಾವನ ಮ್ಯಾಲ ಸಿಟ್ಟು ಬರ್ತೈತಿ, ಆದ್ರ ಚಿತ್ರ ನೋಡು, ಹೆಂಗ ಉಸಿರಾಡ್ತೈತಿ. ಏನು ಕೈಯೋ ಆ ಮುದುಕಂದು!"

ಹುಲುಗೇಶ್‌ನ ಹೊಟ್ಟೆಯೊಳಗೆ ಬೆಂಕಿ ಬಿದ್ದಿತು. ಪೊಲೀಸು, ಕೇಸು, ಅಂಗಡಿಯ ಹೆಸರು, ಯಾವುದೂ ಅಲ್ಲ, ಹೋಗುವಾಗ ಅವಳು ಆಡಿದ ಆ ಒಂದು ಮಾತು ಉರಿಯಿತು.

ನಾಲ್ಕು ವರ್ಷದಿಂದ ಅವನು ಕೇಳುತ್ತಿದ್ದುದು ಇದೇ ಹಾಡು. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಕಿರಾಣಿ ಅಂಗಡಿಗೆ ಬೇಕಾದರೂ ಹೋಗಿ, ಶೇಂಗಾ ಚಟ್ನಿಪುಡಿಯ ಪೊಟ್ಟಣವನ್ನೋ ತಲೆಯೆಣ್ಣೆಯ ಬಾಟಲಿಯನ್ನೋ ಎತ್ತಿಕೊಂಡರೆ ಅದರ ಮೇಲೆ ದಾವಲ್ ಸಾಬನ ಗೆರೆ ಇರುತ್ತಿತ್ತು. ಮುದುಕ ಮಾಡುತ್ತಿದ್ದುದಾದರೂ ಏನು? ಕಪ್ಪು ಶಾಯಿಯಲ್ಲಿ ಕುಂಚ ಅದ್ದಿ ಚಿತ್ರ ಬರೆದು, ಕಾಗದ ಸುತ್ತಿ, ಹಡಗಲಿ ಬಸ್ಸಿನ ಡ್ರೈವರನ ಕೈಗೆ ಕೊಡುವುದು. ಮುಗಿಯಿತು.

ಆಮೇಲಿನದೆಲ್ಲ ಹುಲುಗೇಶ್‌ದು. ಸ್ಕ್ಯಾನ್ ಮಾಡಬೇಕು. ಹಳದಿಯಾದ ಕಾಗದವನ್ನು ಬೆಳ್ಳಗೆ ಮಾಡಬೇಕು. ಧೂಳು, ನೊಣದ ಕಲೆ, ಕುಂಚದಿಂದ ಉದುರಿದ ಕೂದಲು, ಎಲ್ಲವನ್ನೂ ಫೋಟೋಶಾಪ್‌ನಲ್ಲಿ ದೊಡ್ಡದು ಮಾಡಿಕೊಂಡು ಒಂದೊಂದಾಗಿ ಅಳಿಸಬೇಕು. ಗೆರೆಯನ್ನು ಒಂದು ಪದರಕ್ಕೆ, ಬಣ್ಣವನ್ನು ಅದರ ಕೆಳಗಿನ ಪದರಕ್ಕೆ ಹಾಕಬೇಕು. ಪ್ಯಾಕೆಟ್ಟು ಮಡಿಚುವಲ್ಲಿ ಮುಖ ಮುರಿಯದ ಹಾಗೆ, ಅಂಟು ಹಚ್ಚುವಲ್ಲಿ ಅಕ್ಷರ ಮುಚ್ಚದ ಹಾಗೆ ಜಾಗ ಬಿಡಬೇಕು. ಬೆನ್ನು ಬಿದ್ದುಹೋಗುವಷ್ಟು ದುಡಿದರೂ ಗಿರಾಕಿಗಳ ಬಾಯಲ್ಲಿ ಬರುತ್ತಿದ್ದುದು ಒಂದೇ ಹೆಸರು. "ಎಂಥಾ ಬಣ್ಣ ಹಾಕೀಯೋ ಹುಲುಗೇಶಿ" ಎಂದು ಒಂದು ನರಪಿಳ್ಳೆಯೂ ಅಂದದ್ದಿಲ್ಲ.

ಹೋಗಲಿ, ತಾನೇ ಬರೆದುಬಿಡೋಣವೆಂದರೆ ಕೈ ಕೇಳುತ್ತಿರಲಿಲ್ಲ. ಶಾಲೆಯಲ್ಲಿ ಅವನು ಬರೆದ ಕುದುರೆಯನ್ನು ನೋಡಿ ಮೇಷ್ಟ್ರು, "ಆಡಿಗೆ ಕೊಂಬು ಎಲ್ಲೋ?" ಎಂದು ಕೇಳಿದ್ದರು. ಮೌಸು ಹಿಡಿದರೆ ಮಾತ್ರ ಅದೇ ಕೈ ದೇವರಾಗುತ್ತಿತ್ತು. ಆದರೆ ಮೌಸಿನ ದೇವರಿಗೆ ಕೈಮುಗಿಯುವವರು ಯಾರು?

ಈ ಹೊಟ್ಟೆಯುರಿಯಿಂದಲೇ ಅವನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಮುದುಕನ ಮನೆಗೆ ಹೋಗಿರಲಿಲ್ಲ. ಮೊದಲ ಲೇಬಲ್ಲಿನ ದಿನ ಅಂಗಡಿಯಲ್ಲಿ ಐದು ನಿಮಿಷ ನೋಡಿದ್ದಷ್ಟೆ. ಫೋನು ಬಂದರೂ ಎತ್ತುತ್ತಿರಲಿಲ್ಲ, ಹೇಳುವುದೇನಿದ್ದರೂ ಡ್ರೈವರನ ಕೈಯಲ್ಲಿ ಚೀಟಿ ಕಳಿಸುತ್ತಿದ್ದ. ಎದುರಿಗೆ ಹೋದರೆ ಎಲ್ಲಿ ಬಾಯಿತಪ್ಪಿ ತಾನೂ ಹೊಗಳಿಬಿಡುತ್ತೇನೋ ಎಂಬ ಭಯ ಅವನಿಗಿತ್ತು.

ಅದಕ್ಕೆ ಬದಲಾಗಿ ಒಂದು ಕಳ್ಳಚಾಳಿ ಬೆಳೆಸಿಕೊಂಡಿದ್ದ. ಪ್ರತಿ ಚಿತ್ರದಲ್ಲೂ ಯಾರಿಗೂ ತಿಳಿಯದಂತೆ ಏನಾದರೊಂದನ್ನು ತಿದ್ದುತ್ತಿದ್ದ. ಒಮ್ಮೆ ಎತ್ತಿನ ಕಿವಿ, ಒಮ್ಮೆ ಕೊಡದ ಬಾಯಿ. ಈ ಮಲ್ಲಿಗೆ ಕಟ್ಟುವ ಹೆಂಗಸಿನ ಹೆಬ್ಬೆರಳನ್ನು ಮುದುಕ ಕೊಕ್ಕೆಯ ಹಾಗೆ ಸೊಟ್ಟಗೆ ಬರೆದಿದ್ದ. ಹುಲುಗೇಶ್ ಅದನ್ನು ನೆಟ್ಟಗೆ ಮಾಡಿದ್ದ. ಪ್ಯಾಕೆಟ್ಟು ಕಂಡಾಗಲೆಲ್ಲ ಅವನ ಕಣ್ಣು ಮೊದಲು ಹೋಗುತ್ತಿದ್ದುದು ಆ ಬೆರಳಿಗೆ. ಅಷ್ಟಾದರೂ ತನ್ನದಲ್ಲವೇ ಎಂದು ಸಮಾಧಾನಪಡುತ್ತಿದ್ದ.

ಈಗ ಚೀಲದಿಂದ ಕಳ್ಳ ಪ್ಯಾಕೆಟ್ಟೊಂದನ್ನು ತೆಗೆದು, ಅಂಟು ಬಿಡಿಸಿ, ಹಾಸಿ ಸ್ಕ್ಯಾನ್ ಮಾಡಿದ. ಅದನ್ನು ತನ್ನ ಲೇಬಲ್ಲಿನ ಮೇಲೆ ಇನ್ನೊಂದು ಪದರವಾಗಿ ಇಟ್ಟು, ಅರ್ಧ ಪಾರದರ್ಶಕ ಮಾಡಿದ. ಮುಖದ ಮೇಲೆ ಮುಖ, ಸೆರಗಿನ ಮೇಲೆ ಸೆರಗು, ಬೆರಳಿನ ಮೇಲೆ ಬೆರಳು ಕೂತವು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನೋಡಿ ಬರೆದದ್ದಲ್ಲ, ಎತ್ತಿದ್ದೇ.

ಇನ್ನಷ್ಟು ದೊಡ್ಡದು ಮಾಡಿದ. ದಂಡೆಯ ಮೂರನೆಯ ಮೊಗ್ಗಿನ ಬುಡದಲ್ಲಿ ಕೈ ನಿಂತಿತು.

ಅಲ್ಲೊಂದು ಕರಿ ಚುಕ್ಕೆ ಇತ್ತು. ಸಾಸಿವೆಗಿಂತ ಚಿಕ್ಕದು.

ಮುದ್ರಣದ ಕಲೆ ಇರಬಹುದೆಂದು ಚೀಲದಿಂದ ಇನ್ನೊಂದು ತೆಗೆದ. ಮತ್ತೊಂದು ತೆಗೆದ. ಎಲ್ಲದರಲ್ಲೂ ಅದೇ ಮೊಗ್ಗಿನ ಬುಡದಲ್ಲಿ ಅದೇ ಚುಕ್ಕೆ. ಉಚ್ಚಂಗೆಮ್ಮನ ಅಸಲಿ ಪ್ಯಾಕೆಟ್ಟಿನಲ್ಲಿ ಆ ಜಾಗ ಬೆಳ್ಳಗಿತ್ತು.

ತನ್ನ ಹಳೆಯ ಫೋಲ್ಡರ್ ತೆರೆದು ಮೊಟ್ಟಮೊದಲ ಸ್ಕ್ಯಾನ್ ನೋಡಿದ. ಚುಕ್ಕೆ ಇತ್ತು. ಮುದುಕನ ಕಾಗದದಲ್ಲಿ ಯಾವಾಗಲೂ ಹೀಗೊಂದು ಚುಕ್ಕೆ ಎಲ್ಲಾದರೂ ಇರುತ್ತಿತ್ತು. ಧೂಳೆಂದುಕೊಂಡು ಹುಲುಗೇಶ್ ಕಟ್ಟಕಡೆಗೆ ಅದನ್ನು ಒರೆಸಿ ಹಾಕುತ್ತಿದ್ದ. ಅಂದರೆ ಕಳ್ಳನ ಕೈಗೆ ಸಿಕ್ಕಿದ್ದು ಒರೆಸುವುದಕ್ಕೆ ಮುಂಚಿನ ಚಿತ್ರ. ಒರೆಸುವುದಕ್ಕೆ ಮುಂಚಿನ ಚಿತ್ರ ಇರುವುದು ಕಾಗದದ ಮೇಲೆ. ಸ್ಕ್ಯಾನ್ ಆದ ಮೇಲೆ ವಾಪಸ್ ಹೋದ ಆ ಕಾಗದ ಇರುವುದು ದಾವಲ್ ಸಾಬನ ಮನೆಯಲ್ಲಿ!

"ಸಿಕ್ಕಿಬಿದ್ದಿ ಮುದುಕಾ" ಎಂದು ಗಟ್ಟಿಯಾಗಿಯೇ ಅಂದ.

ಅದೇ ಚಿತ್ರ ತನ್ನ ಕಂಪ್ಯೂಟರಿನಲ್ಲೂ ಇದೆಯಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆಯುವುದು ಅವನಿಗೆ ಬೇಕೂ ಇರಲಿಲ್ಲ. ಅಂಗಡಿಗೆ ಬೀಗ ಜಡಿದು, ಅಸಲಿಯದೂ ಸೇರಿ ಮೂರು ಪ್ಯಾಕೆಟ್ಟು ಜೇಬಿಗಿಳಿಸಿ, ಹನ್ನೆರಡೂವರೆಯ ಹಡಗಲಿ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ದೃಶ್ಯ ಓಡುತ್ತಿತ್ತು. ಉಚ್ಚಂಗೆಮ್ಮ ಊರಿನವರ ಮುಂದೆ, "ದಾವಲ್ ಸಾಬ ಅಂತ ಒಬ್ಬಾವ ಚಲೋ ಚಿತ್ರ ಬರೀತಿದ್ದ, ಆದ್ರ..." ಎಂದು ಹೇಳುತ್ತಿದ್ದಳು. ಆ 'ಬರೀತಿದ್ದ' ಎಂಬ ಮಾತು ಬೆಲ್ಲದಷ್ಟು ಸಿಹಿಯಾಗಿತ್ತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ಹೆಂಗಸರೆಲ್ಲ ಕೈ ತೋರಿಸಿದರು. ಹೊಸ್ತಿಲಲ್ಲಿ ಒದ್ದೆ ಬಟ್ಟೆಯ ಮೇಲೆ ಮೊಗ್ಗು ಹರವಿಕೊಂಡು ದಾವಲ್ ಸಾಬನ ಹೆಂಡತಿ ಪೀರ್ ಬೀ ಹೂ ಕಟ್ಟುತ್ತಿದ್ದಳು. ಚಿತ್ರದಲ್ಲಿದ್ದ ಹೊಸ್ತಿಲು ಅದೇ ಎಂದು ಹುಲುಗೇಶ್‌ಗೆ ಕಂಡ ಕೂಡಲೇ ತಿಳಿಯಿತು.

"ಯಾರು ಬೇಕಪಾ?"

"ಹಗರಿಬೊಮ್ಮನಹಳ್ಳಿ ಹುಲುಗೇಶ್ರಿ. ಸಾಬ್ರು ಅದಾರೇನ್ರಿ?"

ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ದನಿ ಬಂತು. "ಹುಲುಗೇಶೀನಾ? ಮತ್ತ ಬಂದೇನಪಾ? ಬಾ, ಬಾ. ಚಲೋ ಮಾಡಿದಿ."

ಮತ್ತೆ ಅಂತೆ! ವಯಸ್ಸಾದವರ ಮಾತು ಎಂದುಕೊಂಡು ಹುಲುಗೇಶ್ ಒಳಗೆ ಹೋದ. ದಾವಲ್ ಸಾಬ್ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಮುಖ ಇವನ ಕಡೆಗಿದ್ದರೂ ನೋಟ ಇವನ ಭುಜದಾಚೆ ಎಲ್ಲೋ ಇತ್ತು. ಎರಡೂ ಕಣ್ಣಿನ ಮೇಲೆ ಬೂದಿ ಬಣ್ಣದ ಪೊರೆ ಕಟ್ಟಿತ್ತು.

"ದನಿ ಯಾಕೋ ಬ್ಯಾರೆ ಆಗೇತಲ್ಲ. ನೆಗಡೀನಾ?"

"ಬಸ್ಸಿನ ಧೂಳ್ರಿ."

"ಕುಂದ್ರು. ಈ ಕಣ್ಣಿಗೆ ಮುಂದಿನ ತಿಂಗಳು ಆಪರೇಷನ್ ಅಂದಾರ. ಅಲ್ಲೀತನಕ ಎಲ್ಲಾರ ಮುಖನೂ ಹಸಿ ಬಣ್ಣ ಕಲಸಿದಂಗ ಕಾಣ್ತೈತಿ."

ಹುಲುಗೇಶ್‌ಗೆ ಅರೆಕ್ಷಣ ಅಯ್ಯೋ ಎನಿಸಿತು. ಅಷ್ಟರಲ್ಲಿ ಎದುರಿನ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಒಂದು ಗುಬ್ಬಿ ಕಣ್ಣಿಗೆ ಬಿತ್ತು. ಒಂದೇ ಗೆರೆ, ನಡುವೆ ಎಲ್ಲೂ ಕೈ ಎತ್ತಿಲ್ಲ, ಗುಬ್ಬಿ ಇನ್ನೇನು ಹಾರಿಯೇಬಿಡುತ್ತದೆ. ಕಣ್ಣು ಕಾಣದ ಮೇಲೂ ಇದನ್ನು ಬರೆದನೇ? ಅಯ್ಯೋ ಎನಿಸಿದ್ದು ಅಲ್ಲೇ ಸುಟ್ಟುಹೋಯಿತು.

ಜೇಬಿನಿಂದ ಪ್ಯಾಕೆಟ್ಟು ತೆಗೆದು ಮುದುಕನ ತೊಡೆಯ ಮೇಲೆ ಹಾಕಿದ.

"ಸಾಬ್ರ, ಈ ಚಿತ್ರ ಎಷ್ಟು ಮಂದಿಗೆ ಮಾರೀರಿ?"

"ಏನಿದು?"

"ಕಳ್ಳ ಮಾಲು. ನಿಮ್ಮ ಚಿತ್ರಾನ ಯಾರೋ ಎತ್ಯಾರ. ಎತ್ತಿದ್ದು ನಿಮ್ಮ ಕಾಗದದಿಂದ. ಮೂರನೇ ಮೊಗ್ಗಿನ ಬುಡಕ ಕರಿ ಚುಕ್ಕಿ ಐತಿ. ಅದು ನಿಮ್ಮ ಕಾಗದದಾಗ ಐತಿ, ನಾ ಮಾಡಿದ ಲೇಬಲ್ಲಿನಾಗ ಇಲ್ಲ."

ದಾವಲ್ ಸಾಬ್ ಪ್ಯಾಕೆಟ್ಟನ್ನು ಮುಟ್ಟಲಿಲ್ಲ. "ನಿನ್ನ ಲೇಬಲ್ಲಿನಾಗ ಯಾಕ ಇಲ್ಲ?"

"ಒರಸಿ ಹಾಕೀನಿ. ಧೂಳು ಅನಕೊಂಡು."

"ಧೂಳಲ್ಲಪಾ ಅದು. ನಜರ್ ಬೊಟ್ಟು." ಮುದುಕ ನಕ್ಕ. "ಕೂಸಿನ ಗಲ್ಲಕ್ಕ ದೃಷ್ಟಿಬೊಟ್ಟು ಇಡ್ತಾರಲ್ಲ, ಹಂಗ. ನನಗ ಬೋರ್ಡ್ ಬರಿಯಾಕ ಕಲಿಸಿದ ಉಸ್ತಾದ ಹೇಳಿಕೊಟ್ಟಿದ್ದು. ಚಿತ್ರ ಮುಗದ ಕೂಡ್ಲೆ ಎಲ್ಲರ ಒಂದು ಕಡಿ ಬೊಟ್ಟು ಇಡು, ಹೊಟ್ಟಿಕಿಚ್ಚಿನ ಕಣ್ಣು ಬಿದ್ರ ಅದರ ಮ್ಯಾಲ ಬೀಳ್ಲಿ, ಚಿತ್ರಕ್ಕ ತಾಗದು ಬ್ಯಾಡ ಅಂತಿದ್ದ. ನಾಕು ವರ್ಷನೂ ಒರಸೀಯೇನು?"

"ನಾಕು ವರ್ಷನೂ" ಎಂದ ಹುಲುಗೇಶ್. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನಕ್ಕದ್ದು ಇನ್ನೂ ಉರಿಸಿತು. "ಮಾತು ತಪ್ಪಿಸಬ್ಯಾಡ್ರಿ ಸಾಬ್ರ. ಆ ಕಾಗದ ಎಲ್ಲೈತಿ? ಯಾರ ಕೈಗೆ ಕೊಟ್ಟಿದ್ರಿ?"

"ಯಾರಿಗೂ ಇಲ್ಲ. ನೀ ಬಸ್ಸಿನಾಗ ವಾಪಸ್ ಕಳಿಸಿದಾಗಿಂದ ಟ್ರಂಕಿನಾಗ ಐತಿ."

"ಸುಳ್ಳು! ಸ್ಕ್ಯಾನ್ ಮಾಡಾಕ ಕೊಟ್ಟೀರಿ. ಕಣ್ಣು ಹೋದ ಮ್ಯಾಲ ಬ್ಯಾರೆ ಚಿತ್ರ ಬರಿಯಾಕ ಆಗಂಗಿಲ್ಲ, ಇದ್ದದ್ದನ್ನ ಎರಡು ಸಲ ಮಾರೀರಿ!"

ಹೊಸ್ತಿಲಲ್ಲಿ ಪೀರ್ ಬೀಯ ಕೈ ನಿಂತಿತು. ಅವಳು ಎದ್ದು ಬಂದಳು. ಟ್ರಂಕಿನ ಮುಚ್ಚಳ ತೆಗೆದು, ಹಳೆಯ ಕ್ಯಾಲೆಂಡರಿನಲ್ಲಿ ಸುತ್ತಿಟ್ಟ ಕಾಗದವನ್ನು ಹೊರತೆಗೆದು ಮಂಚದ ಮೇಲೆ ಬಿಡಿಸಿದಳು. ಚುಕ್ಕೆ ಅಲ್ಲೇ ಇತ್ತು, ಮೂರನೆಯ ಮೊಗ್ಗಿನ ಬುಡದಲ್ಲಿ. ಹುಲುಗೇಶ್ ಗೆದ್ದವನಂತೆ ಬೆರಳಿಟ್ಟು ತೋರಿಸಿದ.

"ನೋಡ್ರವಾ. ಇದರಾಗೂ ಐತಿ, ಕಳ್ಳಂದರಾಗೂ ಐತಿ."

ಪೀರ್ ಬೀ ಚುಕ್ಕೆಯನ್ನು ನೋಡಲಿಲ್ಲ. ಕಳ್ಳ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಈ ಕೈ ಯಾರ್ದು?"

"ನಿಮ್ದ ಇರಬೇಕಲ್ರಿ. ಸಾಬ್ರು ನಿಮ್ಮನ್ನ ಮುಂದ ಕುಂದ್ರಿಸಿಕೊಂಡು ಬರದಂಗ ಕಾಣ್ತೈತಿ."

"ಕಾಗದದಾಗ ಇರೋದು ನನ್ನ ಕೈ. ಇದು ನನ್ನ ಕೈ ಅಲ್ಲ." ತನ್ನ ಬಲಗೈ ಮುಂದೆ ಚಾಚಿದಳು. ಹೆಬ್ಬೆರಳು ಗೆಣ್ಣಿನಲ್ಲಿ ಒಳಕ್ಕೆ ಬಾಗಿ ಕೊಕ್ಕೆಯಾಗಿತ್ತು. "ಸಣ್ಣಾಕಿದ್ದಾಗಿಂದ ಹೂ ಕಟ್ಟೀನಿ. ಬಾಳಿನಾರು ಹೆಬ್ಬಟ್ಟಿನ ಸಂದ್ಯಾಗ ಹಿಂಗ ಸಿಗಸಬೇಕು, ಹಿಂಗ ಮಡಚಬೇಕು, ಆಮ್ಯಾಲ ಎಳೀಬೇಕು. ಈ ಪ್ಯಾಕೆಟ್ಟಿನಾಗಿನಾಕಿ ಹೆಬ್ಬಟ್ಟು ನೆಟ್ಟಗ ಸೆಟಕೊಂಡು ನಿಂತೈತಿ. ಹಿಂಗ ಹಿಡದ್ರ ನಾರು ಜಾರಿಬಿಡ್ತೈತಿ, ಗಂಟ ಬೀಳಂಗಿಲ್ಲ. ಇದನ್ನ ಬರದಾವ ಹೂ ಕಟ್ಟಾದು ನೋಡೇ ಇಲ್ಲ."

ಅವಳು ಇನ್ನೇನೋ ಹೇಳುತ್ತಿದ್ದಳು. ಹುಲುಗೇಶ್‌ಗೆ ಕೇಳಿಸಲಿಲ್ಲ.

ಅಸಲಿ ಪ್ಯಾಕೆಟ್ಟನ್ನೂ ತೆಗೆದು ಮೂರನ್ನೂ ಪಕ್ಕಪಕ್ಕ ಇಟ್ಟ. ಕಾಗದದಲ್ಲಿ ಬೆರಳು ಸೊಟ್ಟ, ಚುಕ್ಕೆ ಉಂಟು. ಅವನ ಲೇಬಲ್ಲಿನಲ್ಲಿ ಬೆರಳು ನೆಟ್ಟಗೆ, ಚುಕ್ಕೆ ಇಲ್ಲ. ಕಳ್ಳನದರಲ್ಲಿ ಬೆರಳೂ ನೆಟ್ಟಗೆ, ಚುಕ್ಕೆಯೂ ಉಂಟು. ಕಾಗದದಿಂದ ಎತ್ತಿದ್ದರೆ ಬೆರಳು ಸೊಟ್ಟಗಿರಬೇಕಿತ್ತು. ಪ್ಯಾಕೆಟ್ಟಿನಿಂದ ಎತ್ತಿದ್ದರೆ ಚುಕ್ಕೆ ಇರುತ್ತಿರಲಿಲ್ಲ. ಬೆರಳು ತಿದ್ದಿದ ಮೇಲೆ, ಚುಕ್ಕೆ ಒರೆಸುವ ಮುಂಚೆ, ಈ ಚಿತ್ರ ಹೀಗೆ ಇದ್ದದ್ದು ಲೋಕದಲ್ಲಿ ಒಂದೇ ಒಂದು ಕಡೆ. ಅವನದೇ ಕಂಪ್ಯೂಟರಿನಲ್ಲಿ, ಒಂದೇ ಒಂದು ಮಧ್ಯಾಹ್ನ.

ಆ ಮಧ್ಯಾಹ್ನ ಈಗ ನೆನಪಾಯಿತು.

ಕೊಟ್ಟೂರಿನ ಪ್ರೆಸ್ಸಿನ ಏಕಾಂತಪ್ಪ ಅವತ್ತು ಫೋನಿನಲ್ಲಿ ಎಂದಿನಂತೆ ಕಾಲೆಳೆದಿದ್ದ. "ನಿಂದೇನು ಬಿಡಲೇ, ಅಡಿಗಿ ಮುದುಕಂದು, ಮುಸುರಿ ತಿಕ್ಕಾದು ನಿಂದು." ಹುಲುಗೇಶ್‌ಗೆ ರೇಗಿತ್ತು. ಆಗಷ್ಟೇ ಹೆಬ್ಬೆರಳು ತಿದ್ದಿ ಮುಗಿಸಿದ್ದ. ವಾಟ್ಸಾಪಿನಲ್ಲಿ ಕಳಿಸಿದರೆ ಗೆರೆ ಮಸುಕಾಗುತ್ತದೆ, ಏಕಾಂತಪ್ಪನ ಬಾಯಿ ಮುಚ್ಚಿಸಬೇಕಾದರೆ ದೊಡ್ಡದಾಗಿ ನೋಡಲಿ ಎಂದು ಇಡೀ ಫೈಲನ್ನೇ ಮೇಲ್ ಮಾಡಿದ್ದ. ಜೊತೆಗೆ ಒಂದು ಸಾಲು ಬರೆದಿದ್ದ. 'ಇದು ನಾನೇ ಕೈಯಿಂದ ಬರೆದದ್ದು. ಹೆಂಗೈತಿ?'

'ಭೇಷ್! ನಿನ್ನ ಕೈಯಾಗ ಇಷ್ಟು ಕಲೆ ಐತಿ ಅಂತ ಗೊತ್ತೇ ಇರಲಿಲ್ಲ' ಎಂದು ಉತ್ತರ ಬಂದಿತ್ತು.

ಆ ಉತ್ತರವನ್ನು ಅವನು ಎಷ್ಟು ಸಲ ಓದಿಕೊಂಡಿದ್ದನೋ ಲೆಕ್ಕವಿಲ್ಲ. ಆಮೇಲೆ ನಾಚಿಕೆಯಾಗಿ, ಮರೆತುಬಿಡೋಣವೆಂದು ನಿಜಕ್ಕೂ ಮರೆತಿದ್ದ. ಬೆಳಿಗ್ಗೆ ಉಚ್ಚಂಗೆಮ್ಮ ಕೇಳಿದಾಗ ನಾಲಿಗೆ ಅಷ್ಟು ಸಲೀಸಾಗಿ ಇಲ್ಲ ಅಂದದ್ದು ಅದಕ್ಕೇ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಉಚ್ಚಂಗೆಮ್ಮ.

"ಮೂರಾತು. ಸಿಕ್ಕನೇನು?"

ಹುಲುಗೇಶ್ ತಲೆ ಎತ್ತಿದ. ಮಂಚದ ಮೇಲೆ ಮುದುಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ದಾವಲ್ ಸಾಬ್ ಎಂದು ಎರಡು ಶಬ್ದ ಹೇಳಿದರೆ ಸಾಕು, ಅಂಗಡಿ ಉಳಿಯುತ್ತದೆ. ಕಣ್ಣು ಕಾಣದ ಮುದುಕ ಸ್ಟೇಷನ್ನಿನಲ್ಲಿ ನಿಂತು ಬೆರಳು, ಚುಕ್ಕೆ, ಪದರ ಎಂದೆಲ್ಲ ವಾದ ಮಾಡಬಲ್ಲನೇ? ನಾಲ್ಕು ವರ್ಷದಿಂದ ಕೇಳಿ ಕೇಳಿ ಸಾಕಾದ ಆ ಹೊಗಳಿಕೆಯೂ ಇವತ್ತಿಗೆ ನಿಲ್ಲುತ್ತದೆ.

"ಹುಲುಗೇಶಿ, ಕೇಳಸ್ತೈತೇನು?"

"ಇನ್ನೊಂದು ತಾಸು ಕೊಡ್ರಿ ಅಕ್ಕಾರ" ಎಂದು ಫೋನಿಟ್ಟ.

ಪೀರ್ ಬೀ ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು. ತನ್ನ ಗಂಡನನ್ನು ಕಳ್ಳ ಎಂದವನಿಗೆ ನೀರು. ಹುಲುಗೇಶ್ ಅದನ್ನು ಕುಡಿದು ಲೋಟ ಕೆಳಗಿಟ್ಟ.

"ಸಾಬ್ರ" ಎಂದ. "ಚಿತ್ರ ಹೊರಗ ಹೋಗಿದ್ದು ನನ್ನ ಕಡಿಂದ್ರಿ. ಕೊಟ್ಟೂರಿನ ಪ್ರೆಸ್ಸಿನ ಏಕಾಂತಪ್ಪಗ ಕಳಿಸಿದ್ದೆ. ನಾನ ಬರದೀನಿ ಅಂತ ಸುಳ್ಳು ಹೇಳಿ ಕಳಿಸಿದ್ದೆ. ನಿಮ್ಮ ಮ್ಯಾಲ ನನಗ ಹೊಟ್ಟಿಕಿಚ್ರಿ. ಮೊದಲಿಂದ್ಲೂ ಐತಿ. ತಪ್ಪಾತು."

ಹೇಳಿ ಮುಗಿಸಿ ತಲೆ ಬಗ್ಗಿಸಿದ. ಬೈಗುಳ ಬರಲಿ ಎಂದು ಕಾದ.

"ಅದನ್ನ ಎಷ್ಟು ಸಲ ಹೇಳ್ತಿಯಪಾ?" ದಾವಲ್ ಸಾಬನ ದನಿಯಲ್ಲಿ ಅಚ್ಚರಿಯಿತ್ತು. "ಅವತ್ತು ಹೇಳಿದ್ದು ಸಾಕಾಗಿಲ್ಲೇನು?"

"ಯಾವತ್ತು?"

"ಎರಡು ತಿಂಗಳಾತಲ್ಲ. ಇಲ್ಲೇ ನನ್ನ ಮುಂದ ಕುಂತು ಅತ್ತಿ. ನಿಮ್ಮ ಚಿತ್ರ ನಂದು ಅಂತ ಕೊಟ್ಟೂರಾಗ ಹೇಳಿಬಿಟ್ಟೀನಿ, ಈಗ ಅಲ್ಲ ಅಂದ್ರ ಮರ್ಯಾದಿ ಹೋಗ್ತೈತಿ ಅಂದಿ. ಒಂದು ಕಾಗದನೂ ತಂದಿದ್ದಿ. ಓದಿ ಹೇಳಿದಿ. ಈ ಚಿತ್ರ ಹುಲುಗೇಶಂದು, ಅಂವ ಯಾರಿಗೆ ಬೇಕಾದ್ರೂ ಕೊಡಬೌದು, ದಾವಲ್ ಸಾಬಂದು ಏನೂ ತಕರಾರಿಲ್ಲ ಅಂತ. ನಾ ಸಹಿ ಹಾಕಿದೆ."

ಪೀರ್ ಬೀ ಹಣೆ ಚಚ್ಚಿಕೊಂಡಳು. "ಸಹಿ ಹಾಕಿದ್ರಾ? ನನಗ ಒಂದು ಮಾತು ಹೇಳಲಿಲ್ಲ!"

"ನೀ ಹೂವಿನ ಮಾರ್ಕೆಟ್ಟಿಗೆ ಹೋಗಿದ್ದಿ. ಹುಡುಗನ ಮಾನದ ವಿಷಯ, ಯಾರ ಮುಂದನೂ ಆಡಬಾರ್ದು ಅನಿಸ್ತು. ಒಂದು ಚಿತ್ರ ಹೋದ್ರ ಏನು, ಕಣ್ಣು ಬಂದ ಮ್ಯಾಲ ಇನ್ನೊಂದು ಬರದೇನು ಅನಕೊಂಡೆ."

ಹುಲುಗೇಶ್ ಹೊಸ್ತಿಲ ಕಡೆ ತಿರುಗಿ ನೋಡಿದ. ಈ ಮನೆಯ ಹೊಸ್ತಿಲನ್ನು ಅವನು ತುಳಿದದ್ದು ಇವತ್ತೇ ಮೊದಲು. ಅವನು ಹೇಳಿದ ಸುಳ್ಳು ಏಕಾಂತಪ್ಪನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆದರೂ ಯಾರೋ ಅದನ್ನು ತಿಳಿದುಕೊಂಡು, ಅವನ ಹೆಸರು ಹೇಳಿಕೊಂಡು, ಇಲ್ಲಿಗೆ ಬಂದಿದ್ದ. ಐದು ಗಂಟೆಗೆ ಕೇಸು ಬರೆದರೆ ಆ ಕಾಗದ ಎಲ್ಲಿಂದಲಾದರೂ ಹೊರಬರುತ್ತದೆ. ಚಿತ್ರ ಹುಲುಗೇಶಂದು, ಮಾರಿದವನೂ ಹುಲುಗೇಶನೇ! ಒಂದು ಚಿತ್ರವನ್ನು ಎರಡು ಸಲ ಮಾರಿದವನೆಂದು ಈಗಷ್ಟೇ ಮುದುಕನಿಗೆ ಅಂದಿದ್ದನಲ್ಲ, ಅದೇ ಮಾತು ಇನ್ನೆರಡು ತಾಸಿನಲ್ಲಿ ಅವನ ಹಣೆಗೆ ಅಂಟಿಕೊಳ್ಳುತ್ತಿತ್ತು.

ಆದರೆ ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಅವನನ್ನು ಕುಟುಕಿದ್ದು ಅದಲ್ಲ. ಯಾವನೋ ಒಬ್ಬ ಬಂದು, ಇಲ್ಲಿ ಕೂತು, ಅತ್ತು, ಈ ಮುದುಕನಿಂದ ಕ್ಷಮೆ ಪಡೆದು ಹೋಗಿದ್ದ. ಅದು ತನಗೆ ಬರಬೇಕಾದ ಕ್ಷಮೆಯಾಗಿತ್ತು. ಹೆಸರೂ ಗೊತ್ತಿಲ್ಲದ ಆ ಕಳ್ಳನ ಮೇಲೂ ಹುಲುಗೇಶ್‌ಗೆ ಹೊಟ್ಟೆಕಿಚ್ಚಾಯಿತು.

"ಸಾಬ್ರ, ಅವತ್ತು ಬಂದಾವ ನಾನಲ್ರಿ."

ಮುದುಕ ದನಿ ಬಂದ ಕಡೆ ಕಿವಿ ತಿರುಗಿಸಿದ.

"ಆಣಿ ಮಾಡಿ ಹೇಳ್ತೀನ್ರಿ. ನಾ ಈ ಮನಿಗೆ ಬಂದಿದ್ದು ಇವತ್ತ. ನೀವು ನನ್ನ ನೋಡಿದ್ದು ನಾಕು ವರ್ಷದ ಹಿಂದ, ಅಂಗಡ್ಯಾಗ, ಐದು ನಿಮಿಷ. ಆಮ್ಯಾಲ ನನ್ನ ದನಿ ಸೈತ ನೀವು ಕೇಳಿಲ್ಲ. ಅದಕ್ಕ ಅಂವ ಯಾರಂತ ನಿಮಗ ತಿಳೀಲಿಲ್ಲ."

ದಾವಲ್ ಸಾಬ್ ಬಲಗೈ ಮುಂದೆ ಚಾಚಿದ. "ಕೈ ಕೊಡು."

ಹುಲುಗೇಶ್ ಕೊಟ್ಟ. ಮುದುಕ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಂಗೈ ಒತ್ತಿ, ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಸವರಿ ನೋಡಿದ. ನಡುಬೆರಳಿನ ಹತ್ತಿರ ಬಂದು ನಿಂತ. ಉಗುರಿನ ಪಕ್ಕದಲ್ಲಿ ಮತ್ತೆ ಮತ್ತೆ ತಡವಿದ.

"ಅವತ್ತು ಬಂದಾವನ ನಡುಬಟ್ಟಿಗೆ ಇಲ್ಲಿ ಗಂಟಿತ್ತು" ಎಂದ ನಿಧಾನವಾಗಿ. "ಕುಂಚ ಹಿಡದು ಹಿಡದು ಬೀಳೋ ಗಂಟು. ನನಗೂ ಐತಿ ನೋಡು. ಇಪ್ಪತ್ತು ವರ್ಷ ಬರದ್ರ ಬರ್ತೈತಿ, ಸುಮ್ಮ ಬರಂಗಿಲ್ಲ. ಅಂವ ಅಳ್ತಾ ನನ್ನ ಕೈ ಹಿಡಕೊಂಡಾಗ ಅದು ತಾಗಿತು. ತಾಗಿದ್ದಕ್ಕ ನಾ ಸಹಿ ಹಾಕಿದೆ. ಸುಳ್ಳು ಹೇಳಿರಬೌದು, ಆದ್ರ ಈ ಹುಡುಗ ಚಿತ್ರ ಬರಿಯಾವ, ನಮ್ಮಾವ ಅನಿಸ್ತು."

ಚಿತ್ರ ಬರೆಯುವವನೊಬ್ಬ, ಇಪ್ಪತ್ತು ವರ್ಷ ಕುಂಚ ಹಿಡಿದವನು, ತನ್ನ ಹೆಸರಿಟ್ಟುಕೊಂಡು ಬಂದಿದ್ದ. ಕೈಯಿಂದ ಚಿತ್ರ ಬರೆಯಬಲ್ಲ ಹುಲುಗೇಶನೊಬ್ಬ ಈ ನಾಲ್ಕು ತಾಲೂಕಿನೊಳಗೆ ಎಲ್ಲೋ ಇದ್ದ.

"ಈ ಕೈ ಮೆತ್ತಗೈತಿ" ಎಂದ ದಾವಲ್ ಸಾಬ್.

ಅವನು ಹುಲುಗೇಶ್‌ನ ಕೈ ಬಿಟ್ಟ. ಮಂಚದ ಮೇಲೆ ತಡವಿ, ಪೀರ್ ಬೀ ಬಿಡಿಸಿಟ್ಟಿದ್ದ ಕಾಗದವನ್ನು ಹುಡುಕಿ, ಎದೆಗೆ ಒತ್ತಿ ಹಿಡಿದುಕೊಂಡು ಗೋಡೆಯ ಕಡೆ ಸರಿದ. ಇಷ್ಟು ಹೊತ್ತು ಅವನ ದನಿಯಲ್ಲಿದ್ದ ಸಲಿಗೆ ಈಗ ಇರಲಿಲ್ಲ.

"ಹುಲುಗೇಶಿ ಅವತ್ತ ಬಂದಿದ್ದ, ಕೈ ಮುಟ್ಟಿ ನೋಡೀನಿ. ನೀ ಯಾರಪಾ?"